ತುಟಿ ಮೊದಲು, ಮಾತು ಆಮೇಲೆ

ಬಟ್ಟೆ ಗಿರಣಿಯಲ್ಲಿ ನಲವತ್ತನಾಲ್ಕು ವರ್ಷ ಮಗ್ಗಗಳನ್ನು ಸರಿಪಡಿಸಿ ನಿವೃತ್ತನಾದ ಫಿಟ್ಟರನಿಗೆ ಒಂದೇ ಹೆಮ್ಮೆ: ತನಗೆ ಗುರು ಎಂಬುವನೇ ಇರಲಿಲ್ಲ. ಏಳನೆಯ ತರಗತಿ ಮುಗಿಯುವಷ್ಟರಲ್ಲಿ ಗಿರಣಿಯ ಗೇಟು ಅವನನ್ನು ಒಳಗೆ ಎಳೆದುಕೊಂಡಿತ್ತು. ಆಮೇಲೆ ಕಲಿತದ್ದೆಲ್ಲ ಕಣ್ಣಲ್ಲಿ ಕದ್ದ ವಿದ್ಯೆ. "ಓದಿದೋರು ಪುಸ್ತಕ ನೋಡ್ತಾರೆ, ನಾನು ವಸ್ತು ನೋಡ್ತೀನಿ" ಎಂದು ಯಾರು ಸಿಕ್ಕರೂ ಹೇಳುತ್ತಿದ್ದ. ಅವನ ಹೆಂಡತಿ ಇದನ್ನು ಎಷ್ಟು ಸಲ ಕೇಳಿದ್ದಳೆಂದರೆ, ಅವನು "ಓದಿದೋರು" ಎನ್ನುತ್ತಿದ್ದಂತೆಯೇ ಎದ್ದು ಒಲೆ ನೋಡಲು ಹೋಗುತ್ತಿದ್ದಳು. ಒಲೆ ಹೊತ್ತಿಸಿರಲಿ, ಬಿಡಲಿ.

ಮನೆಯ ಟೀವಿಗೆ ಹದಿನಾಲ್ಕು ವರ್ಷ. ಚಿತ್ರ ಇನ್ನೂ ತೊಳೆದಿಟ್ಟ ಹಾಗಿತ್ತು. ಧ್ವನಿ ಮಾತ್ರ ಮೊದಲಿಂದಲೂ ಕೊಡದೊಳಗೆ ಕೂತವರು ಮಾತಾಡಿದಂತೆ. ಅದಕ್ಕೆಂದೇ ಫಿಟ್ಟರ್ ಕೈಯಾರೆ ಒಂದು ಆಂಪ್ಲಿಫೈಯರ್ ಕಟ್ಟಿ, ಗಿರಣಿಗೆ ನೂಲು ತುಂಬಿ ಬರುತ್ತಿದ್ದ ಪೆಟ್ಟಿಗೆಗಳ ಹಲಗೆಯಿಂದ ಎರಡು ಸ್ಪೀಕರ್ ಮಾಡಿದ್ದ. ಒಂದರ ಹೊಟ್ಟೆಯ ಮೇಲೆ 'ಒದ್ದೆಯಾಗದಂತೆ ಇಡಿ' ಎಂಬ ಅಚ್ಚು ಹಾಗೇ ಉಳಿದಿತ್ತು. ಒಂದು ಸಂಜೆ ಆ ಆಂಪ್ಲಿಫೈಯರ್ ಸುದ್ದಿ ಓದುವವನ ಮಾತಿನ ನಡುವೆ ಒಂದು ಗೊರಕೆ ಹೊಡೆದು, ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಫಿಟ್ಟರ್ ಮೂರು ಸಲ ಬಿಚ್ಚಿ ಮೂರು ಸಲ ಮುಚ್ಚಿದ. ನಾಲ್ಕನೆಯ ಸಲ ಮುಚ್ಚುವಾಗ ಎರಡು ಸ್ಕ್ರೂ ಉಳಿದವು. ಅಲ್ಲಿಗೆ ಅದರ ಆಸೆ ಬಿಟ್ಟ.

ಸುಮ್ಮನಿರುವಂತಿರಲಿಲ್ಲ, ಯಾಕೆಂದರೆ ಹೆಂಡತಿಯ ಕಿವಿ ಅರ್ಧವೇ ಉಳಿದಿತ್ತು. ಅವಳು ಅದೇ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ನೇಯ್ದವಳು. ಇನ್ನೂರು ಮಗ್ಗ ಒಟ್ಟಿಗೆ ಬಡಿಯುವ ಆ ಶೆಡ್ಡಿನಲ್ಲಿ ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳುತ್ತಿರಲಿಲ್ಲ. ಹಾಗಾಗಿ ಅಲ್ಲಿನವರೆಲ್ಲ ಧ್ವನಿಯನ್ನು ಬಿಟ್ಟು ತುಟಿಯಲ್ಲೇ ಮಾತಾಡುತ್ತಿದ್ದರು, ತುಟಿಯನ್ನೇ ಓದುತ್ತಿದ್ದರು. ಫಿಟ್ಟರ್ ಅವಳನ್ನು ಮದುವೆಗೆ ಕೇಳಿದ್ದೂ ಹಾಗೆಯೇ, ಆರು ಮಗ್ಗದಾಚೆ ನಿಂತು. ಶೆಡ್ಡಿನ ಅರ್ಧ ಜನ ಅದನ್ನು ಓದಿಕೊಂಡು ಅವಳಿಗಿಂತ ಮೊದಲೇ ಹೂಂ ಎಂದಿದ್ದರು. ಈಗ ಅವಳು ಅರ್ಧ ಮಾತನ್ನು ಕಿವಿಯಲ್ಲಿ, ಇನ್ನರ್ಧವನ್ನು ಕಣ್ಣಲ್ಲಿ ಹಿಡಿದು, ಎರಡನ್ನೂ ಹೊಸೆದು ಒಂದು ಮಾಡಿಕೊಳ್ಳುತ್ತಿದ್ದಳು. ಸಂಜೆ ಏಳಕ್ಕೆ ಒಂದು ಧಾರಾವಾಹಿ ಬರುತ್ತಿತ್ತು. ಅವಳು ಬೆತ್ತದ ಕುರ್ಚಿಯಲ್ಲಿ, ಅವನು ಬೆಂಚಿನ ಮೇಲೆ. ದಿನವಿಡೀ ಒಬ್ಬರ ಮೇಲೊಬ್ಬರು ಗೊಣಗಿಕೊಂಡು ತಿರುಗುವ ಆ ಇಬ್ಬರೂ ಜತೆಯಾಗಿ ಕೂರುತ್ತಿದ್ದದ್ದು ಆ ಒಂದು ತಾಸು ಮಾತ್ರ.

"ಹೊಸ ಟೀವಿನೇ ತಗೊಂಬಿಡೋಣ ಅಪ್ಪಾ" ಎಂದಳು ಮಗಳು. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ.

"ಗಂಟಲು ಕೆಟ್ಟರೆ ಯಾರಾದ್ರೂ ತಲೆ ತೆಗೆಸ್ತಾರೇನೇ? ಟೀವಿ ಚೆನ್ನಾಗಿದೆ. ಧ್ವನಿಗೆ ಏನಾದ್ರೂ ತರ್ತೀನಿ."

"ಹಾಗಾದ್ರೆ ನಾನೂ ಬರ್ತೀನಿ."

"ಮಗ್ಗ ಆರಿಸೋಕೆ ಗಿರಣಿ ಮಾಲೀಕ ನನ್ನ ಕರ್ಕೊಂಡು ಹೋಗ್ತಿದ್ದ. ನೀನು ನನ್ನ ಕರ್ಕೊಂಡು ಹೋಗ್ತೀಯಾ?"

ಹೀಗೆ ಮೀಸೆಯ ಮೇಲೆ ಕೈಯಿಟ್ಟು ಒಬ್ಬನೇ ಹೊರಟ.

ಅಂಗಡಿಯಲ್ಲಿ ಮಾರುವ ಹುಡುಗಿ ಮೊದಲು ಕೇಳಿದ್ದೇ, "ತಾತ, ನಿಮ್ಮ ಟೀವಿ ಹಿಂದೆ ಯಾವ್ಯಾವ ತೂತಿದೆ? ಫೋಟೋ ಇದೆಯಾ?"

ತಾತ ಎಂದದ್ದಕ್ಕೇ ಅವನ ಮುಖ ಬಿಗಿದಿತ್ತು. "ಎಲ್ಲಾ ಇದೆ" ಎಂದ. ಹದಿನಾಲ್ಕು ವರ್ಷದಲ್ಲಿ ಟೀವಿಯ ಬೆನ್ನು ನೋಡಿದ್ದು ಆಂಪ್ಲಿಫೈಯರಿನ ವೈರು ಸಿಕ್ಕಿಸಲು ಒಂದು ಸಲ, ಜೇಡರ ಬಲೆ ತೆಗೆಯಲು ಎರಡು ಸಲ.

"ಹಳೇ ಟೀವಿ ಅಂದ್ರೆ ವೈರು ಹಾಕೋ ಥರದ್ದೇ ಒಳ್ಳೇದು. ಇವೆರಡು ನೋಡಿ." ಅವಳು ತೋರಿಸಿದ್ದು ಇಟ್ಟಿಗೆಯಷ್ಟೇ ಗಾತ್ರದ ಎರಡು ಸ್ಪೀಕರ್. ಫಿಟ್ಟರ್ ಒಂದನ್ನು ಎತ್ತಿದ. ಭಾರವಿರುತ್ತದೆಂದು ಜೋರಾಗಿ ಎತ್ತಿದ್ದರಿಂದ ಕೈ ಗಲ್ಲಕ್ಕೆ ಬಡಿಯಿತು. "ಆಟದ ಸಾಮಾನು" ಎಂದು ಇಟ್ಟುಬಿಟ್ಟ.

ಅವನಿಗೆ ಆರಿಸುವ ವಿಧಾನ ಒಂದೇ ಗೊತ್ತಿದ್ದದ್ದು. ಲಾಳಿಯಾಗಲಿ ಗಾಲಿಯಾಗಲಿ, ಮೊದಲು ಎತ್ತಿ ತೂಕ ನೋಡಬೇಕು, ಆಮೇಲೆ ಬೆರಳ ಗಂಟಿನಿಂದ ತಟ್ಟಿ ಕೇಳಬೇಕು. ಅಂಗಡಿಯ ಸಾಲು ಸಾಲು ಸಾಮಾನನ್ನೆಲ್ಲ ಎತ್ತಿದ, ತಟ್ಟಿದ, ಕಲ್ಲಂಗಡಿ ಕೊಳ್ಳುವವನಂತೆ ಕಿವಿಗೊಟ್ಟ. ಕೊನೆಗೆ ಎಲ್ಲಕ್ಕಿಂತ ಭಾರವಾದ ಒಂದು ಸೌಂಡ್‌ಬಾರ್ ಆರಿಸಿದ. ಮೊಳದುದ್ದದ ಕರಿ ದಿಮ್ಮಿ, ಜತೆಗೆ ಗುಡುಗುವುದಕ್ಕೇ ಬೇರೆ ಒಂದು ಪೆಟ್ಟಿಗೆ. "ಇದು ಸಾಮಾನು ಅಂದ್ರೆ" ಎಂದು ಹುಡುಗಿಗೇ ಪಾಠ ಹೇಳಿದ.

ಮನೆಗೆ ತಂದು ನೋಡಿದರೆ, ಆ ದಿಮ್ಮಿಗೆ ಹೊಸ ಟೀವಿಗಳಲ್ಲಿರುವ ಚಪ್ಪಟೆ ಪಿನ್ನಿನ ತೂತು ಬಿಟ್ಟರೆ ವೈರು ಸಿಕ್ಕಿಸಲು ಬೇರೆ ತೂತಿಲ್ಲ. ಮನೆಯ ಟೀವಿಗೆ ಆ ತೂತೊಂದೇ ಇಲ್ಲ. ಬೇರೆಯವನಾಗಿದ್ದರೆ ಮರುದಿನವೇ ಹಿಂದಿರುಗಿಸುತ್ತಿದ್ದ. ಫಿಟ್ಟರ್ ಮರುದಿನ ಹೋಗಿ, ಟೀವಿಯ ಹೆಡ್‌ಫೋನ್ ತೂತಿಗೆ ಸಿಕ್ಕಿಸಿದರೆ ವೈರಿಲ್ಲದೆ ಗಾಳಿಯಲ್ಲೇ ಧ್ವನಿ ಕಳಿಸುವ ಒಂದು ಗುಂಡಿಯಂಥ ವಸ್ತು ತಂದ. "ಈಗ ಎಲ್ಲಾ ಗಾಳೀಲೇ" ಎಂದು ಮನೆಯವರಿಗೆ ಸಾರಿದ. ಟೀವಿ ಹಾಕಿದಾಗ ಕಿಟಕಿಯ ಗಾಜು ನಡುಗಿತು, ಗೋಡೆಯ ಗಡಿಯಾರ ಓರೆಯಾಯಿತು. ಪಕ್ಕದ ಮನೆಯವರು ಗೋಡೆ ಗುದ್ದಿದರು. ಅವನು ಅದನ್ನು ಶಹಬ್ಬಾಸ್‌ಗಿರಿ ಎಂದುಕೊಂಡ.

ಆದರೆ ಸುದ್ದಿ ಓದುವವಳು ಬಾಯಿ ತೆರೆದ ಕೂಡಲೇ ಫಿಟ್ಟರ್ ಮುಂದಕ್ಕೆ ಬಾಗಿದ. ಅವಳ ತುಟಿ ಮುಂದೆ ಓಡುತ್ತಿತ್ತು, ಮಾತು ಹಿಂದಿನಿಂದ ಬರುತ್ತಿತ್ತು. ಕಣ್ಣು ಮಿಟುಕಿಸುವಷ್ಟೇ ಅಂತರ. ಆದರೂ ಅವನು ಯಾರು? ಮಗ್ಗದಲ್ಲಿ ಹಾಸಿನ ಉದ್ದನೆಯ ಎಳೆಗಳು ಮೇಲೆದ್ದಾಗ ನಡುವೆ ಲಾಳಿ ತೂರಬೇಕು. ಒಂದು ಕೂದಲೆಳೆ ತಡವಾದರೂ ಎಳೆಗಳು ಮುಚ್ಚಿಕೊಂಡು ನೂರಾರು ತುಂಡಾಗುತ್ತವೆ. ಆ ಹೊತ್ತನ್ನು ಹೊಂದಿಸುವುದೇ ಅವನ ಜೀವಮಾನದ ಕಸುಬು. ಕಂಡಿತು, ಚೆನ್ನಾಗಿಯೇ ಕಂಡಿತು. ಆರಿಸಿ ತಂದವನು ತಾನೇ ಆದ್ದರಿಂದ ಕಾಣದವನಂತೆ ಕೂತ.

ಎರಡನೆಯ ದಿನ ಹೆಂಡತಿ ಕೇಳಿದಳು, "ಏನ್ರೀ, ಅವರ ಬಾಯಿ ಮುಂದೆ ಹೋಗುತ್ತೆ, ಮಾತು ಆಮೇಲೆ ಬರುತ್ತೆ. ನಿಮಗೆ ಹಾಗನ್ಸಲ್ವಾ?"

"ಈ ಧಾರಾವಾಹಿ ಬೇರೆ ಭಾಷೇದು. ಧ್ವನಿ ಆಮೇಲೆ ಸೇರಿಸಿರ್ತಾರೆ."

"ಸುದ್ದಿನೂ ಬೇರೆ ಭಾಷೇದಾ?"

ಫಿಟ್ಟರ್ ಮಗಳನ್ನು ಸಾಕ್ಷಿಗೆ ಕರೆದ. ಫೋನಿನ ಮೇಲೆ ಕಣ್ಣಿಟ್ಟು ಕೂತಿದ್ದ ಮಗಳು, "ಚೆನ್ನಾಗೇ ಕೇಳ್ತಿದೆಯಲ್ಲಮ್ಮಾ" ಎಂದಳು. ಹೆಂಡತಿಯ ಕಡೆ ತಿರುಗಿದ ಫಿಟ್ಟರನ ಬಾಯಿಂದ ಆಗ ಬಂದ ಮಾತು ಅವನಿಗೇ ಆಮೇಲೆ ಮುಳ್ಳಾಯಿತು. "ನಿನ್ನ ಕಣ್ಣೇ ಸೋಮಾರಿ ಆಗಿರ್ಬೇಕು ಕಣೇ. ವಯಸ್ಸಾಯ್ತಲ್ಲ."

ಅವಳು ಮೂರನೆಯ ದಿನ ಏಳಕ್ಕೆ ಬಂದು ಕೂತು, ಹತ್ತು ನಿಮಿಷಕ್ಕೆ ಎದ್ದಳು. ನಾಲ್ಕನೆಯ ದಿನ ಬರಲೇ ಇಲ್ಲ. ಒಳಗಿನ ಕೋಣೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಾ ಕೂತಳು. ಐದನೆಯ ದಿನವೂ ಮಡಚಿದಳು. ಮೂರು ಜನರ ಮನೆಯಲ್ಲಿ ದಿನಕ್ಕೊಂದು ತಾಸು ಮಡಚುವಷ್ಟು ಬಟ್ಟೆ ಎಲ್ಲಿಂದ ಬರಬೇಕು? ಮಡಚಿದ್ದನ್ನೇ ಕೊಡವಿ ಮತ್ತೆ ಮಡಚುತ್ತಿದ್ದಳು.

ಫಿಟ್ಟರ್ ಗುಟ್ಟಾಗಿ ಸರಿಪಡಿಸಲು ಹೊರಟ. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಯಂತ್ರದ ಪುಸ್ತಕ ತೆರೆದ, ಅದೂ ಬಚ್ಚಲು ಮನೆಯ ಬಾಗಿಲು ಹಾಕಿಕೊಂಡು. ಅದರಲ್ಲಿ ದಿಮ್ಮಿಯ ರಿಮೋಟಿನಲ್ಲಿದ್ದ, ಧ್ವನಿಯ ಹೊತ್ತು ಹೊಂದಿಸುವ ಒಂದು ಗುಂಡಿಯ ವಿಷಯವಿತ್ತು. ಸೊನ್ನೆಯಿಂದ ಇನ್ನೂರರವರೆಗೆ. ಅರ್ಧ ಸಾಲು ಓದುವಷ್ಟರಲ್ಲಿ ಅವನಿಗೆ ಎಲ್ಲಾ ಅರ್ಥವಾಗಿಬಿಟ್ಟಿತು. ಮಗ್ಗದಲ್ಲಿ ಲಾಳಿ ತಡವಾದರೆ ಮುಂದಕ್ಕೆ ತಿರುಗಿಸಬೇಕು. ಇಲ್ಲೂ ಅಷ್ಟೇ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಇನ್ನೂರಕ್ಕೆ ಏರಿಸಿದ. ಟೀವಿಯಲ್ಲಿ ಒಬ್ಬ ತಾಯಿ ಮಗನಿಗೆ ಬೈದು ಬಾಯಿ ಮುಚ್ಚಿದಳು. ಅವಳು ಬಾಯಿ ಮುಚ್ಚಿದ ಮೇಲೆ ಬೈಗುಳದ ಬಾಲ ಬಂತು. ಮಗ ತುಟಿಯಾಡಿಸಿದಾಗ ತಾಯಿಯ ಧ್ವನಿ ಅವನ ಬಾಯಿಂದ ಹೊರಟಿತು. ಉಳಿದರ್ಧ ಸಾಲು ಓದಿದಾಗ ತಿಳಿಯಿತು, ಆ ಗುಂಡಿ ಇದ್ದದ್ದು ಧ್ವನಿಯನ್ನು ತಡಮಾಡಲು. ಮತ್ತೆ ಸೊನ್ನೆಗೆ ಇಳಿಸಿದ. ಅದಕ್ಕಿಂತ ಕೆಳಗಿಳಿದು ಧ್ವನಿಯನ್ನು ಮುಂದಕ್ಕೆ ತರುವ ದಾರಿ ಆ ಯಂತ್ರಕ್ಕೆ ಇರಲೇ ಇಲ್ಲ.

ಹೀಗೆ ಎರಡು ವಾರ ಕಳೆಯಿತು. ಅಷ್ಟು ದಿನವೂ ಏಳಕ್ಕೆ ಅವನು ಒಬ್ಬನೇ ಬೆಂಚಿನ ಮೇಲೆ ಕೂತು, ಪಕ್ಕದ ಖಾಲಿ ಕುರ್ಚಿಗೆ ಬೆನ್ನು ತೋರಿಸಿ, ಆ ತುಟಿಗಳನ್ನೇ ಅಳೆಯುತ್ತಿದ್ದ. ಒಂದು ದಿನ ಮಗಳು ಕೆಲಸದಿಂದ ಬಂದವಳು ಚೀಲ ಇಡುವ ಮೊದಲೇ ಹೇಳಿದಳು, "ಇವತ್ತು ಅಮ್ಮ ನಮ್ಮ ಅಂಗಡಿಗೆ ಬಂದಿದ್ಲು ಅಪ್ಪಾ, ಕಣ್ಣು ಪರೀಕ್ಷೆ ಮಾಡ್ಸೋಕೆ."

"ಏನಂತೆ?"

"ಹೋದ ವರ್ಷದ ನಂಬರೇ. ಕೊನೇ ಸಾಲಿನವರೆಗೂ ಓದಿದ್ಲು. ಆದ್ರೂ ನಂಬ್ತಿಲ್ಲ. ಮೂರು ಸಲ ಓದ್ಸು ಅಂದ್ಲು. ಕಿವಿ ಹೋಯ್ತು, ಈಗ ಕಣ್ಣೂ ಹೋದ್ರೆ ನಾನು ಯಾವುದ್ರಲ್ಲಿ ಮಾತಾಡಿಸ್ಲಿ ನಿಮ್ಮನ್ನ ಅಂತ ಕೇಳಿದ್ಲು."

ಫಿಟ್ಟರನಿಗೆ ಕೂತ ಬೆಂಚು ಸುಟ್ಟಂತಾಯಿತು. ಒಳಗಿನ ಕೋಣೆಯಲ್ಲಿ ಅವಳು ಅವನದೇ ಅಂಗಿ ಕೊಡವುತ್ತಿದ್ದಳು. ತನ್ನ ಜಂಬಕ್ಕೆ ಅವಳ ಕಣ್ಣನ್ನು ಅಡವಿಟ್ಟು, ಅವನು ನೋಡಿಕೊಂಡು ಕೂತಿದ್ದ. ಇನ್ನೊಬ್ಬ ಇಂಥ ಕೆಲಸ ಮಾಡಿದ್ದರೆ ಫಿಟ್ಟರ್ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಆ ಗುಂಡಿಯಂಥ ವಸ್ತುವನ್ನು ಜೇಬಿಗೆ ಹಾಕಿಕೊಂಡು, ದಿಮ್ಮಿಯನ್ನೂ ಪೆಟ್ಟಿಗೆಯನ್ನೂ ಹೊತ್ತು ನಿಂತಿದ್ದ. ಭಾರವೆಂದು ಆರಿಸಿದ್ದಕ್ಕೆ ಸೊಂಟ ಅವತ್ತೇ ತೀರ್ಪು ಕೊಟ್ಟಿತು.

ಹುಡುಗಿ ಎಲ್ಲವನ್ನೂ ಅಂಗಡಿಯ ಒಂದು ಟೀವಿಗೆ ಜೋಡಿಸಿ ನೋಡಿದಳು. "ಚೆನ್ನಾಗೇ ಇದೆಯಲ್ಲ ತಾತ."

"ತುಟಿಗೂ ಮಾತಿಗೂ ಹೊಂದ್ತಿಲ್ಲಮ್ಮ."

ಅವಳು ಕಣ್ಣರಳಿಸಿ ನೋಡಿದಳು, ಏನೂ ಕಾಣಲಿಲ್ಲ. ಗಾಜಿನ ಕೋಣೆಯೊಳಗಿದ್ದ ಮ್ಯಾನೇಜರನ ಹತ್ತಿರ ಹೋದಳು. ಅಂಗಡಿಯ ಈ ತುದಿಯಲ್ಲಿ ನಿಂತಿದ್ದ ಫಿಟ್ಟರ್ ಗಾಜಿನಾಚೆ ಅವನ ತುಟಿ ಆಡುವುದನ್ನು ಸುಮ್ಮನೆ ನೋಡಿದ. ಹುಡುಗಿ ನಗುಮುಖ ಮಾಡಿಕೊಂಡು ಬಂದಳು. "ಪರಿಶೀಲಿಸ್ತೀವಿ ಅಂದ್ರು ತಾತ. ಕೂತ್ಕೊಳ್ಳಿ, ಟೀ ತರ್ಸ್ತೀನಿ."

"ಟೀ ಬೇಡಮ್ಮ. ಮುದುಕನ ಕಿವಿ ಕೆಟ್ಟಿದೆಯೋ ತಲೆ ಕೆಟ್ಟಿದೆಯೋ, ಟೀ ಕುಡಿಸಿ ಸಾಗಹಾಕು ಅಂದ್ರಲ್ಲ, ಅವರಿಗೆ ಹೇಳು. ಕಿವಿ ಚೆನ್ನಾಗಿದೆ. ತಲೆ ವಿಷಯ ನಾನೂ ಖಚಿತವಾಗಿ ಹೇಳಲಾರೆ."

ಹುಡುಗಿಯ ಮುಖ ಕೆಂಪಗಾಯಿತು. ಅವಳು ಮತ್ತೆ ಒಳಗೆ ಓಡಿದಳು. ಈ ಸಲ ಮ್ಯಾನೇಜರ್ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದ, ಆಮೇಲೆ ತಾನೇ ಎದ್ದು ಬಂದ. ಫಿಟ್ಟರನಿಗೆ ಕಾಣದಂತೆ ಟೀವಿಯ ಬೆನ್ನಿಗೆ ರಟ್ಟು ಅಡ್ಡವಿಟ್ಟು, ಒಮ್ಮೆ ವೈರಿನಲ್ಲಿ, ಒಮ್ಮೆ ಗಾಳಿಯಲ್ಲಿ ಧ್ವನಿ ಹಾಯಿಸಿ ಪರೀಕ್ಷೆ ಮಾಡಿದರು. "ಇದು ಸರಿ. ಇದು ಹಿಂದೆ. ಇದೂ ಹಿಂದೆ. ಇದು ಸರಿ." ಫಿಟ್ಟರ್ ಎಂಟಕ್ಕೆ ಎಂಟೂ ಸರಿಯಾಗಿ ಹೇಳಿದ. ಹಿಂದೆ ಎಂದದ್ದೆಲ್ಲ ಗಾಳಿಯಲ್ಲಿ ಬಂದದ್ದು.

"ತಾತ, ಇಷ್ಟು ಸಣ್ಣ ವ್ಯತ್ಯಾಸ ಹೇಗೆ ಕಂಡ್ರಿ?" ಎಂದಳು ಹುಡುಗಿ.

"ನಾನೇನು ಕಂಡೆ. ಕಂಡು ಹೇಳಿದೋಳು ಮನೇಲಿದ್ದಾಳೆ. ನಾನು ಕಂಡೂ ಬಾಯಿ ಮುಚ್ಕೊಂಡಿದ್ದೋನು." ಇಷ್ಟು ಹೇಳಿ ಆ ಇಟ್ಟಿಗೆ ಗಾತ್ರದ ಸ್ಪೀಕರುಗಳ ಕಡೆ ನೋಡಿದ. "ಆ ಆಟದ ಸಾಮಾನೇ ಕೊಡು."

ಹುಡುಗಿ ನಗಲಿಲ್ಲ. ತುಟಿ ಮಾತ್ರ ಸ್ವಲ್ಪ ಅಲುಗಿತು, ಅದನ್ನೂ ಅವನು ಓದಿಕೊಂಡ.

ಮನೆಯಲ್ಲಿ ಜೋಡಿಸಲು ಐದು ನಿಮಿಷ ಸಾಕಾಯಿತು. ಒಂದು ವೈರು, ಒಂದು ತೂತು. ಗಾಜು ನಡುಗಲಿಲ್ಲ. ಸುದ್ದಿಯವಳ ತುಟಿ ತೆರೆದಾಗ ಮಾತು ಬಂತು, ಮುಚ್ಚಿದಾಗ ನಿಂತಿತು. ಹೇಳುವುದೊಂದು ಉಳಿದಿತ್ತು, ಅದಕ್ಕೆ ಮಾತ್ರ ಸಂಜೆಯವರೆಗೂ ಹೊತ್ತಾಯಿತು.

ಏಳಕ್ಕೆ ಐದು ನಿಮಿಷವಿತ್ತು. ಅವಳು ಒಳಗೆ ಬಟ್ಟೆಯ ರಾಶಿಯ ಮುಂದಿದ್ದಳು. ಅವನು ಬಾಗಿಲಲ್ಲಿ ನಿಂತು, ಹಜಾರದಲ್ಲಿದ್ದ ಮಗಳಿಗೆ ಕೇಳಿಸಬಾರದೆಂದು ಧ್ವನಿ ತೆಗೆಯದೆ ತುಟಿಯಲ್ಲೇ ಹೇಳಿದ: ನಿನ್ನ ಕಣ್ಣು ಸರಿಯಾಗೇ ಇದೆ. ನನಗೂ ಕಂಡಿತ್ತು. ಮೊದಲ ದಿನವೇ.

ಅವಳು ಅಂಗಿಯ ತೋಳನ್ನು ಎರಡು ಸಲ ಮಡಚಿ ಬಿಚ್ಚಿದಳು. "ಏನಂದ್ರಿ? ಕಿವಿ ಕೇಳಲ್ಲ ನನಗೆ. ಜೋರಾಗಿ ಹೇಳಿ."

ಅವಳಿಗೆ ತಿಳಿದಿದೆಯೆಂದು ಅವನಿಗೆ ತಿಳಿಯಿತು. ಬೇರೆ ದಾರಿಯಿರಲಿಲ್ಲ. "ನಿನ್ನ ಕಣ್ಣು ಸರಿಯಾಗಿದೆ. ಕೆಟ್ಟದ್ದು ತಂದೋನು ನಾನು. ಗೊತ್ತಿದ್ದೂ ಸುಳ್ಳು ಹೇಳ್ದೆ" ಎಂದ, ಶೆಡ್ಡಿನ ಆಚೆ ಗೋಡೆಗೂ ಕೇಳಿಸುವಷ್ಟು ಜೋರಾಗಿ. ಹಜಾರದಲ್ಲಿ ಮಗಳ ಫೋನು ಕೈಜಾರಿ ಬಿದ್ದ ಸದ್ದಾಯಿತು.

"ಮೂರು ಸಲ ಓದ್ದೆ ನಾನು, ಆ ಅಕ್ಷರದ ಹಲಗೆ" ಎಂದಳು ಅವಳು.

"ಗೊತ್ತು."

"ನೀವೂ ಒಂದ್ಸಲ ಹೋಗಿ ಓದಿ ಬನ್ನಿ. ಆಗ ಗೊತ್ತಾಗುತ್ತೆ."

"ಹೋಗ್ತೀನಿ."

ಅವಳು ಬಂದು ಬೆತ್ತದ ಕುರ್ಚಿಯಲ್ಲಿ ಕೂತಳು. ಪರದೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. ಅವಳ ಹುಬ್ಬಿನ ಗಂಟು ಮೆಲ್ಲಗೆ ಬಿಚ್ಚಿಕೊಳ್ಳುವುದನ್ನು ಅವನು ಓರೆಗಣ್ಣಲ್ಲಿ ನೋಡಿದ. ಧಾರಾವಾಹಿ ಶುರುವಾಯಿತು.

"ಇಷ್ಟು ದಿನ ಇಲ್ಲೇ ಕೂತಿದ್ರಲ್ಲ, ಕತೆ ಎಲ್ಲಿಗೆ ಬಂತು? ದೊಡ್ಡ ಸೊಸೆ ಮನೆ ಬಿಟ್ಟಳಾ?"

ಫಿಟ್ಟರ್ ತಲೆ ಕೆರೆದುಕೊಂಡ. ಎರಡು ವಾರಕ್ಕೂ ಮಿಕ್ಕಿ ಅವನು ಆ ಮನೆಯವರೆಲ್ಲರ ತುಟಿಗೂ ಮಾತಿಗೂ ನಡುವಿನ ಸಂದನ್ನು ಅಳೆದಿದ್ದ. ಯಾರು ಯಾರಿಗೆ ಏನು ಹೇಳಿದರೆಂದು ಒಂದು ದಿನವೂ ಕೇಳಿರಲಿಲ್ಲ.

"ಒಬ್ಬಳು ಅಳ್ತಿದ್ಲು" ಎಂದ.

"ಯಾರು?"

"ಆ ಉದ್ದ ಮೂಗಿನೋಳು."

"ಅವಳು ಹುಟ್ಟಿದಾಗಿನಿಂದ ಅಳ್ತಿದ್ದಾಳೆ. ಬಿಡಿ, ನಾನೇ ನೋಡಿ ಹೇಳ್ತೀನಿ" ಎಂದು ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಅವನಿಗೆ ಅರ್ಧ ಪರದೆ ಮರೆ ಮಾಡಿ ಕೂತಳು. ಅವನು ಬೆಂಚಿನ ತುದಿಗೆ ಸರಿದು, ಕತ್ತು ಓರೆ ಮಾಡಿ, ಉಳಿದರ್ಧವನ್ನು ನೋಡತೊಡಗಿದ.