ಅಕ್ಕನ ದವಡೆಯ ಬಿಳಿ ಗೆರೆ

ನನಗೆ ಕಾಯುವುದೆಂದರೆ ಆಗುವುದಿಲ್ಲ. ಎಂಬತ್ತರ ದಶಕದ ಮೊದಲಲ್ಲಿ ಹೊಸೂರು ಬಸ್ ಸ್ಟ್ಯಾಂಡಿನ ಹತ್ತಿರ ಹಲ್ಲಿನ ಡಾಕ್ಟರೊಬ್ಬರ ಬಳಿ ಎಕ್ಸ್‌ರೇ ತೆಗೆಯುವ ಕೆಲಸಕ್ಕಿದ್ದೆ. ಫಿಲ್ಮನ್ನು ಮದ್ದಿನ ನೀರಿನಲ್ಲಿ ಅದ್ದಿ ಕಾಯುವ ನಾಲ್ಕೈದು ನಿಮಿಷವೂ ಕತ್ತಲೆ ಕೋಣೆಯಲ್ಲಿ ಕಾಲು ಕುಣಿಸುತ್ತಾ ನಿಲ್ಲುತ್ತಿದ್ದೆ. ಊರ ಸುತ್ತ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ, ಕರೆಂಟು ಮನಸ್ಸಿಗೆ ಬಂದಂತೆ ಏರಿಳಿಯುತ್ತಿತ್ತು. ಫಿಲ್ಮು ಕೆಟ್ಟರೆ ಡಾಕ್ಟರು ನನ್ನನ್ನು ಬಯ್ಯುತ್ತಿದ್ದರು, ನಾನು ಕರೆಂಟನ್ನು ಬಯ್ಯುತ್ತಿದ್ದೆ.

ಅಂಚೆಟ್ಟಿ ಕಡೆಗೆ ಕೊಟ್ಟಿದ್ದ ನನ್ನ ಅಕ್ಕ ಒಂದು ಮಧ್ಯಾಹ್ನ ಬಂದಳು. ಕೆಳದವಡೆ ಊದಿತ್ತು, ವಸಡಿನಿಂದ ರಕ್ತ ಒಸರುತ್ತಿತ್ತು, ಒಂದು ಹಲ್ಲು ಅಲ್ಲಾಡುತ್ತಿತ್ತು. ಹಲ್ಲುನೋವೆಂದು ಅವಳ ಅತ್ತೆ ಅರಿಶಿನದ ಕೊಂಬು ಸುಟ್ಟು ಕೆನ್ನೆಗೆ ಬರೆ ಹಾಕಿದ್ದಳು. ಆ ಗಾಯವೂ ಆರಿರಲಿಲ್ಲ. ಹಲ್ಲು ಕೀಳಿಸಿಕೊಂಡು ಸಾಯಂಕಾಲದ ಬಸ್ಸಿಗೆ ವಾಪಸ್ಸು ಹೋಗಬೇಕು ಎಂದು ಬಂದ ಕೂಡಲೇ ಹೇಳಿದಳು. ಅದು ತಪ್ಪಿದರೆ ಮಾರನೆಯ ದಿನವೇ.

ಮೊದಲ ಫಿಲ್ಮು ಸರಿ ಬರಲಿಲ್ಲ. ಹಲ್ಲಿನ ಬೇರಿನ ಸುತ್ತ ದವಡೆ ಮೂಳೆಯ ಅಂಚು ತೆಳ್ಳಗೆ ಬಿಳಿ ಗೆರೆಯಾಗಿ ಕಾಣಬೇಕು. ಅದು ಇರಲೇ ಇಲ್ಲ. ಹಾಳು ಕರೆಂಟು ಎಂದುಕೊಂಡು ಇನ್ನೊಂದು ತೆಗೆದೆ. ಅದರಲ್ಲೂ ಇಲ್ಲ. ಮದ್ದಿನ ನೀರು ಬದಲಿಸಿ ಮೂರನೆಯದು ತೆಗೆದೆ. ಡಾಕ್ಟರಿಗೆ ರೇಗಿತು. ಹೇಗಿದ್ದರೂ ಕೀಳುವ ಹಲ್ಲು ತಾನೇ, ಸಾಕು ಬಿಡು ಎಂದು ತಮಿಳಿನಲ್ಲಿ ಗದರಿ ಸೂಜಿಗೆ ಮದ್ದು ಎಳೆದುಕೊಂಡರು. ಅಕ್ಕ ಗೋಡೆ ಗಡಿಯಾರ ನೋಡುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ಒಂದೇ ಒಂದು ನಿಮಿಷ ಸಾರ್ ಎಂದು ನನ್ನ ಬಾಯಿಗೇ ಫಿಲ್ಮಿಟ್ಟುಕೊಂಡು ಸ್ವಿಚ್ಚು ಒತ್ತಿದೆ. ಅದೇ ಯಂತ್ರ, ಅದೇ ಕರೆಂಟು. ತೊಳೆದು ಒದ್ದೆಯಾಗಿರುವಾಗಲೇ ನನ್ನದನ್ನೂ ಅಕ್ಕನದನ್ನೂ ಕಿಟಕಿಗೆ ಹಿಡಿದೆ. ನನ್ನ ಹಲ್ಲುಗಳ ಸುತ್ತ ಗೆರೆ ಎಳೆದಂತಿತ್ತು. ಬೆಳ್ಳಿ ತುಂಬಿಸಿದ್ದ ಒಂದು ಹಲ್ಲು ಹೊಳೆಯುತ್ತಿತ್ತು. ಅಕ್ಕನ ಒಂದು ಹಲ್ಲಿಗೂ ಗೆರೆಯಿರಲಿಲ್ಲ. ಡಾಕ್ಟರು ಎರಡನ್ನೂ ನೋಡಿ ಸೂಜಿ ಕೆಳಗಿಟ್ಟರು. ಆಮೇಲೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು.

ಅಕ್ಕನಿಗೆ ಸಿಟ್ಟು ಬಂತು. "ಇಷ್ಟು ದೂರದಿಂದ ಬಂದಿವ್ನಿ, ಹಲ್ಲು ಕೀಳ್ದೇನೆ ಕಳುಸ್ತೀಯೇನ್ಲಾ?"

ಅವಳಿಗಿದ್ದದ್ದು ರಕ್ತದ ಕ್ಯಾನ್ಸರು, ದವಡೆ ಮೂಳೆಯ ಗೆರೆ ಅಳಿಸಿದ್ದೂ ಅದೇ. ಅವತ್ತು ಹಲ್ಲು ಕಿತ್ತಿದ್ದರೆ ರಕ್ತ ನಿಲ್ಲುತ್ತಿರಲಿಲ್ಲ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದರು.

ಆಸ್ಪತ್ರೆಯವರು ರಕ್ತ ನೋಡುತ್ತಿದ್ದರು, ನಾವು ದವಡೆ ನೋಡುತ್ತಿದ್ದೆವು. ಬೆಂಗಳೂರಿನಲ್ಲಿ ಚಿಕಿತ್ಸೆ ಮುಗಿಸಿ ಬರುವಾಗಲೆಲ್ಲ ಅಕ್ಕ ಹೊಸೂರಿನಲ್ಲಿ ಇಳಿದು, ಫಿಲ್ಮು ತೆಗೆಸಿಕೊಂಡು, ಗೆರೆ ಬಂತಾ ಎಂದು ಕೇಳುವಳು. ನಾಲ್ಕನೆಯ ತಿಂಗಳು ಎರಡು ಹಲ್ಲುಗಳ ಸುತ್ತ ಮಸುಕಾಗಿ ಬಂತು. ಕತ್ತಲೆ ಕೋಣೆಯಲ್ಲೇ ಅತ್ತುಬಿಟ್ಟೆ. ಮತ್ತೆರಡು ತಿಂಗಳಿಗೆ ಅದೂ ಹೋಯಿತು.

ಅವತ್ತು ಹೇಗೆ ಹೇಳುವುದೆಂದು ತೋಚಲಿಲ್ಲ. ಡ್ರಾಯರಿನಲ್ಲಿದ್ದ ನನ್ನ ಹಳೆಯ ಫಿಲ್ಮು ತಂದು ಅವಳ ಕೈಗಿಟ್ಟು, "ಬಂದೈತೆ ಕಣಕ್ಕ, ನೋಡು" ಎಂದೆ.

ಅವಳು ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೊಳೆಯುವ ಹಲ್ಲಿನ ಮೇಲೆ ಬೆರಳಿಟ್ಟು, "ನನ್ ಹಲ್ಲಿಗೆ ಯಾವಾಗ್ಲಾ ಬೆಳ್ಳಿ ತುಂಬ್ಸಿದ್ದು?" ಎಂದಳು. ನಾನು ಫಿಲ್ಮಿಗೆ ಕೈ ಚಾಚಿದೆ.

"ನಿಂದು ಗಟ್ಟಿಯಾಗೈತೆ. ಅಷ್ಟು ಸಾಕು ಬುಡು," ಎಂದು ಫಿಲ್ಮನ್ನು ಸೆರಗಿನಲ್ಲಿ ಒರೆಸಿ ವಾಪಸ್ಸು ಕೊಟ್ಟಳು.

ಸಾಯಂಕಾಲ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಕೂತೆವು. ಅವಳು ಒಂದು ಸಲವೂ ಹೊತ್ತೆಷ್ಟೆಂದು ಕೇಳಲಿಲ್ಲ. ಬಸ್ಸು ತಡವಾಗಿ ಬರಲಿ ಎಂದು ನನಗೆ ಅನ್ನಿಸಿದ್ದು ಅದೊಂದೇ ದಿನ.