ವೈನಿಯ ಜಾಗದಲ್ಲಿ ಆಡಿದ ಮೂರು ಪಂದ್ಯಗಳು

ಕೊರೊನಾ ಮುಗಿದ ಎರಡನೆಯ ವರ್ಷ ನಾನು ಹುಬ್ಬಳ್ಳಿಯ ಒಂದು ಗೇಮಿಂಗ್ ಸೆಂಟರ್‌ನ ತಂಡಕ್ಕೆ ಕೋಚ್ ಆಗಿದ್ದೆ. ಅದಕ್ಕೂ ಮೊದಲು ಐಟಿಐ ಮುಗಿಸಿ ಮೊಬೈಲ್ ರಿಪೇರಿ ಮಾಡುತ್ತಿದ್ದವನು. ಕೋಚ್ ಎಂದರೆ ಸಂಬಳದ ಕೆಲಸವೇ. ಆದರೆ ಅದನ್ನು ಸಂಬಂಧಿಕರಿಗೆ ತಿಳಿಸಿ ಹೇಳುವುದು ಕಷ್ಟವಾಗುತ್ತಿತ್ತು. “ಹುಡುಗ್ರು ಆಡ್ತಾರ, ನೀವು ನೋಡ್ತೀರಿ. ಅದಕ್ಕ ಪಗಾರ ಕೊಡ್ತಾರ?” ಎಂದು ನನ್ನ ಮಾವ ಪ್ರತಿ ಹಬ್ಬಕ್ಕೂ ಕೇಳುತ್ತಿದ್ದರು. “ನಿಮ್ಮ ಮಗಳೂ ಆಡ್ತಾಳ್ರಿ” ಎಂದರೆ ಮಾತು ಬದಲಿಸುತ್ತಿದ್ದರು.

ಆ ಮಗಳು, ನನ್ನ ಹೆಂಡತಿ ರೇಖಾ, ನಮ್ಮ ತಂಡದ ಐದನೆಯ ಆಟಗಾರ್ತಿ.

ಆಟದ ಬಗ್ಗೆ ಸ್ವಲ್ಪ ಹೇಳಬೇಕು. ಇದು ಐವರ ವಿರುದ್ಧ ಐವರು ಮೊಬೈಲ್‌ನಲ್ಲಿ ಆಡುವ ಕಾಳಗ. ಎರಡೂ ಕಡೆ ಒಂದೊಂದು ಬೇಸ್ ಇರುತ್ತದೆ. ನಡುವೆ ಮೂರು ದಾರಿ, ದಾರಿಯುದ್ದಕ್ಕೂ ಟವರ್‌ಗಳು, ದಾರಿಗಳ ನಡುವೆ ಕಾಡು, ಅಡ್ಡಕ್ಕೆ ಒಂದು ಹೊಳೆ. ಎದುರಿನವರ ಬೇಸ್ ಮೊದಲು ಕೆಡವಿದವರು ಗೆದ್ದಂತೆ. ನಮ್ಮ ಕ್ಯಾಪ್ಟನ್ ಇರ್ಫಾನ್ ಕಾಡಿನಲ್ಲಿ ಆಡುತ್ತಿದ್ದ. ಅವನ ತಂದೆಯದು ಬೈಕ್ ಗ್ಯಾರೇಜು. ಕೆಳಗಿನ ದಾರಿ ಕಿರಣನದು. ಮೇಲಿನ ಮತ್ತು ನಡುವಿನ ದಾರಿ ಹೆಬ್ಬಳ್ಳಿಯಿಂದ ಒಂದೇ ಬೈಕಿನಲ್ಲಿ ಬರುತ್ತಿದ್ದ ಅಣ್ಣತಮ್ಮಂದಿರದು. ಐದನೆಯವರಿಗೆ ಫ್ಲೆಕ್ಸ್ ಎನ್ನುತ್ತಾರೆ. ಅವರಿಗೆ ತಮ್ಮದೆಂಬ ದಾರಿ ಇಲ್ಲ. ಉಳಿದವರೆಲ್ಲ ತಮ್ಮ ಹೀರೊ, ಅಂದರೆ ತಾವು ಆಡಿಸುವ ಪಾತ್ರ, ಆರಿಸಿಕೊಂಡ ಮೇಲೆ ತಂಡಕ್ಕೆ ಏನು ಕಡಿಮೆ ಬಿದ್ದಿದೆಯೋ ಅದನ್ನು ಆರಿಸಬೇಕು, ಎಲ್ಲಿ ಕೊರತೆಯೋ ಅಲ್ಲಿಗೆ ಹೋಗಬೇಕು.

ರೇಖಾ ಹಗಲು ಲಕಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಫ್ಲೋಟರ್. ರಜೆ ಹಾಕಿದವರ ಮಷೀನಿನಲ್ಲಿ ಕುಳಿತು ಹೊಲಿಯುವವರಿಗೆ ಆ ಹೆಸರು. ಇವತ್ತು ಕಾಲರ್, ನಾಳೆ ತೋಳು, ನಾಡಿದ್ದು ಗುಂಡಿ. ಆಟವನ್ನು ಅವಳಿಗೆ ಕಲಿಸಿದವನು ನಾನು. ಆದರೆ ಈ ಜಾಗದ ಗುಟ್ಟು ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು. “ಖಾಲಿ ಮಷೀನ್ ಯಾರಿಗರೆ ಕಾಣಸ್ತೈತಿ. ಯಾರ ಮುಂದ ಬಟ್ಟಿ ರಾಶಿ ಬೀಳಾಕತ್ತೇತಿ, ಅದನ್ನ ನೋಡ್ಬೇಕು” ಎನ್ನುತ್ತಿದ್ದಳು. ಪಾಳಿ ಮುಗಿಸಿ ಬಸ್ ಹಿಡಿದು ಸಂಜೆ ಹುಬ್ಬಳ್ಳಿಗೆ ಬಂದು, ಮುಖ ತೊಳೆದು, ಸೆಂಟರ್‌ನ ಹಿಂಬದಿಗೆ ನಮ್ಮ ತಂಡಕ್ಕೆಂದು ಬಿಟ್ಟಿದ್ದ ಖೋಲಿಯಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಹುಡುಗರು ಅವಳನ್ನು ವೈನಿ ಎಂದು ಕರೆಯುತ್ತಿದ್ದರು, ಅಣ್ಣನ ಹೆಂಡತಿ ಎಂಬ ಲೆಕ್ಕದಲ್ಲಿ. ಇರ್ಫಾನ್ ಮೊದಮೊದಲು ಭಾಭಿ ಅನ್ನುತ್ತಿದ್ದ. ಆಟದ ಗಡಿಬಿಡಿಯಲ್ಲಿ ಒಬ್ಬರಿಗೆ ಎರಡು ಹೆಸರು ಬೇಡವೆಂದು ಅವನೂ ವೈನಿಗೆ ಬಂದ.

ಅವಳು ಆಡುವಾಗ ಮಾತು ಕಡಿಮೆ. ಬರುತ್ತೇನೆ ಎಂದು ಹೇಳುತ್ತಿರಲಿಲ್ಲ. ಕಿರಣ್ ಇನ್ನೇನು ಸಿಕ್ಕಿಬಿದ್ದ ಅನ್ನುವಾಗ ಪೊದೆಯಿಂದ ಹೊರಬಂದು, ಏಟು ಹಾಕಿದ ಮೇಲೆ “ಬಂದ್ನಿ” ಅನ್ನುತ್ತಿದ್ದಳು. ಅಷ್ಟೆ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಕೆಲಸದ ನಡುವೆಯೇ ಅವಳಿಗೆ ತಲೆನೋವು ಬಂತು. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಸತ್ತೂರಿನ ಆಸ್ಪತ್ರೆಗೆ ನಾನು ತಲುಪಿದಾಗ ಅವಳಿಗೆ ಎಚ್ಚರವಿರಲಿಲ್ಲ. ಮತ್ತೆ ಎಚ್ಚರ ಬರಲೂ ಇಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಸೆಂಟರ್‌ಗೆ ಹೋದೆ. ಮನೆಯಲ್ಲಿ ಎಲ್ಲರೂ ನನ್ನ ಎದುರು ದನಿ ತಗ್ಗಿಸುತ್ತಿದ್ದರು, ಅವಳ ಹೆಸರು ಬಂದರೆ ಮಾತು ನಿಲ್ಲಿಸುತ್ತಿದ್ದರು. ಈ ಖೋಲಿಯಲ್ಲಿ ಹಾಗಿರಲಿಲ್ಲ. “ಇಲ್ಲಿ ವೈನಿ ಹಿಂಗ ಸುತ್ತಿ ಬರ್ತಾರ ನೋಡ್ರಿ” ಎಂದು ಹೆಬ್ಬಳ್ಳಿಯ ಅಣ್ಣ ಹಳೆಯ ರೆಕಾರ್ಡಿಂಗ್ ತೋರಿಸಿ ತಮ್ಮನಿಗೆ ಹೇಳುತ್ತಿದ್ದ. ಬರ್ತಾರ, ಅನ್ನುತ್ತಿದ್ದ. ನಾನು ಅದನ್ನು ಕೇಳಲಿಕ್ಕೆಂದೇ ಬೇಗ ಹೋಗಿ ಕೂರುತ್ತಿದ್ದೆ.

ರಾಜ್ಯ ಮಟ್ಟದ ಆನ್‌ಲೈನ್ ಲೀಗ್‌ನಲ್ಲಿ ನಮಗೆ ಇನ್ನು ಮೂರು ಪಂದ್ಯ ಉಳಿದಿದ್ದವು. ಒಂದಾದರೂ ಗೆಲ್ಲದಿದ್ದರೆ ಹೊರಬೀಳುತ್ತಿದ್ದೆವು. ಸೆಂಟರ್ ಮಾಲೀಕರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಕಾಕಾ ಸಂಕೋಚದಿಂದಲೇ ಹೇಳಿದರು: “ಹೊರಗ ಬಿದ್ರ ತಂಡ ಇಡೂದು ಆಗಾಂಗಿಲ್ಲಪಾ. ಖೋಲಿನೂ ಬಿಟ್ಟು ಕೊಡ್ಬೇಕಾಕ್ಕೇತಿ.” ಲೀಗ್ ನಡುವೆ ಹೊಸಬರನ್ನು ಸೇರಿಸುವಂತಿರಲಿಲ್ಲ. ಬದಲಿ ಆಟಗಾರನೆಂದು ಮೊದಲೇ ನೋಂದಾಯಿಸಿದ್ದು ನನ್ನ ಹೆಸರು ಮಾತ್ರ. ತಂಡ ಮುಚ್ಚಿದರೆ ರೇಖಾಳನ್ನು ದಿನವೂ ನೆನೆಯುವ ಜಾಗ ಇನ್ನೊಂದಿರಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ನಾನು ಕುಳಿತೆ.

ಹೇಳಿಕೊಡುವವನಿಗೆ ಆಡಲು ಬರಬೇಕೆಂದೇನೂ ಇಲ್ಲ. ನನ್ನ ಬೆರಳು ನಿಧಾನ. ಅವಳು ಆಡುತ್ತಿದ್ದ ಹೀರೊಗಳನ್ನೇ ಆರಿಸಿಕೊಂಡು, ಅವಳು ಹೋಗುತ್ತಿದ್ದ ಪೊದೆಗಳಲ್ಲೇ ಅಡಗಿಕೊಂಡೆ. ಮೊದಲ ಪಂದ್ಯವನ್ನು ಹೀನಾಯವಾಗಿ ಸೋತೆವು. “ಇರ್ಲಿ ಬಿಡ್ರಿ ಅಣ್ಣಾರ, ಮದ್ಲನೇ ದಿನಾ ಗೇರ್ ಹಾಕಾಕ ಯಾರಿಗೂ ಬರಾಂಗಿಲ್ಲ” ಎಂದು ಇರ್ಫಾನ್ ಸಮಾಧಾನ ಹೇಳಿದ. ಅನಂತರ ದಿನವೂ ಅಭ್ಯಾಸ ಮಾಡಿದೆ. ಅವಳ ಹೀರೊಗಳಲ್ಲಿ ಕೈಗೆ ಒಗ್ಗದವುಗಳನ್ನು ಬಿಟ್ಟು ನನಗೆ ಆಗುವವುಗಳನ್ನು ಹಿಡಿದೆ. ಯಾವ ಹೊತ್ತಿಗೆ ಯಾವ ದಾರಿಯಲ್ಲಿ ಅವಳು ಹೇಳುತ್ತಿದ್ದ ಆ ರಾಶಿ ಬೀಳುತ್ತದೆಂದು ನಕ್ಷೆ ನೋಡಿ ಊಹಿಸಲು ಕಲಿತೆ. ಎರಡನೆಯ ಪಂದ್ಯದಲ್ಲಿ ನಾನು ಸತ್ತದ್ದು ಒಂದೇ ಸಲ. ಆಟದಲ್ಲಿ ಸಾಯುವುದೆಂದರೆ ಸ್ವಲ್ಪ ಹೊತ್ತು ಕಾದು, ಬೇಸ್‌ನಿಂದ ಮತ್ತೆ ಹೊರಡುವುದು. ನಾನು ಚೆನ್ನಾಗಿ ಆಡಿದ್ದೆ. ಆದರೂ ಸೋತೆವು.

ಯಾಕೆಂದು ತಿಳಿಯಲು ಭಾನುವಾರ ಮಧ್ಯಾಹ್ನ ಒಬ್ಬನೇ ಕುಳಿತು ಆ ಪಂದ್ಯದ ರೆಕಾರ್ಡಿಂಗ್ ಹಾಕಿದೆ. ಅಲ್ಲಿ ಯಾವ ಆಟಗಾರನನ್ನು ಬೇಕಾದರೂ ಹಿಂಬಾಲಿಸಿ ನೋಡಬಹುದು, ಆಡುವಾಗಿನ ನಮ್ಮ ಮಾತನ್ನೂ ಕೇಳಬಹುದು. ಆವರೆಗೆ ನಾನು ನನ್ನನ್ನೇ ನೋಡಿಕೊಳ್ಳುತ್ತಿದ್ದೆ. ಅಂದು ಕಿರಣನ ಹಿಂದೆ ಹೋದೆ. ಅವನು ಸೀದಾ ಹೊಳೆ ದಾಟಿದ. ಹಿಂದೆ ಯಾರೂ ಇರಲಿಲ್ಲ. ಎದುರಿನ ಮೂವರು ಅವನನ್ನು ಮುತ್ತಿದರು. ಸ್ವಲ್ಪ ಹೊತ್ತಿನ ಮೇಲೆ ಅದೇ ಜಾಗದಲ್ಲಿ ಮತ್ತೆ ದಾಟಿದ. ಇರ್ಫಾನ್‌ನನ್ನು ನೋಡಿದರೆ ಅವನೂ ಹಾಗೆಯೇ. ರೇಖಾ ಇದ್ದಾಗಿನ ಒಂದು ಪಂದ್ಯ ತೆಗೆದು ಪಕ್ಕದಲ್ಲಿಟ್ಟೆ. ಅದೇ ಹೊಳೆ, ಅದೇ ದಾಟುವಿಕೆ. ಎಡಗಡೆಯ ಪೊದೆ ಅಲುಗಿತು. “ಬಂದ್ನಿ” ಅಂದಳು. ಅದನ್ನು ಎಷ್ಟು ಸಲ ಹಿಂದಕ್ಕೆ ಹಾಕಿ ಕೇಳಿದೆನೋ.

ಸಂಜೆ ಎಲ್ಲರೂ ಬಂದಾಗ ತೋರಿಸಿದೆ.

“ಕಿರಣ್, ಈ ಹೊಳಿ ಯಾಕ ದಾಟಿದಿ?”

“ದಾಟ್ಬೇಕಲ್ರಿ ಅಣ್ಣಾರ, ಆಗ ದಾಟಿದ್ರನ ಅವ್ರ ಟವರ್ ಸಿಗೂದು.”

“ಹಿಂದ ಯಾರಿದ್ರು?”

ಅವನು ಪರದೆ ನೋಡಿದ. “ಯಾರೂ ಇದ್ದಿಲ್ಲ.”

“ಮತ್ತ?”

“ಬರ್ತಾರ ಅನ್ಕೊಂಡ್ನಿ.”

ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಇರ್ಫಾನ್ ನೆಲ ನೋಡುತ್ತ, “ಅವಂಗ ಅಷ್ಟ ಬೈಬ್ಯಾಡ್ರಿ. ನಾನೂ ಹಂಗ ಆಡಾಕತ್ತೇನಿ” ಅಂದ.

ನನ್ನ ಆಟ ಸುಧಾರಿಸಿದರೂ ಪ್ರಯೋಜನವಾಗದಿರಲು ಇದೇ ಕಾರಣ. ನಾಲ್ವರೂ ಅವಳು ಬರುತ್ತಾಳೆಂದು ನಂಬಿ ಮುಂದೆ ಹೋಗುತ್ತಿದ್ದರು. ಕೇಳದೆಯೇ ಬರುತ್ತಿದ್ದವಳು, ಹಾಗಾಗಿ ಕೇಳುವ ರೂಢಿಯೇ ಅವರಿಗಿರಲಿಲ್ಲ. ತಂಡ ಉಳಿಯಬೇಕಾದರೆ ಅವರು ಅವಳಿಗಾಗಿ ಕಾಯುವುದನ್ನು ಬಿಡಬೇಕಿತ್ತು. ಅದನ್ನು ಬಿಡಿಸುವ ಕೆಲಸ ನನ್ನದಾಯಿತು. ಆ ಕೆಲಸ ನನಗೆ ಬೇಕಿರಲಿಲ್ಲ.

“ಆಕಿ ಹಂಗ ಬರಾಕ ನನಗ ಆಗಾಂಗಿಲ್ಲ” ಅಂದೆ. “ಆದ್ರ ಹೇಳಾಕ ಬರ್ತೈತಿ. ಎಲ್ಲಿದ್ದೇನಿ ಅಂತ ಹೇಳ್ತೇನಿ. ಬರಾಂಗಿಲ್ಲ ಅಂದ್ರ ಅದನ್ನ ಮದ್ಲ ಹೇಳ್ತೇನಿ.”

ಮರುದಿನದಿಂದ ಅಭ್ಯಾಸದಲ್ಲಿ ಬಿಡುವಿಲ್ಲದೆ ಹೇಳತೊಡಗಿದೆ. ಮ್ಯಾಲಿದ್ದೇನಿ. ಕೆಳಗ ಬರಾಂಗಿಲ್ಲ. ನಡುವ ಹೊಂಟೇನಿ, ತಡಾ ಆಕ್ಕೇತಿ. ಕಿರಣನಿಗೆ ನಗು ತಡೆಯಲಾಗಲಿಲ್ಲ. “ಅಣ್ಣಾರ, ಬಸ್ ಸ್ಟ್ಯಾಂಡಿನ್ಯಾಗ ಮೈಕ್ ಹಿಡದಂಗ ಆತು. ಗದಗ ಗಾಡಿ ಎಷ್ಟ್ ಹೊತ್ತಿಗೈತ್ರಿ?” ಎಲ್ಲರೂ ನಕ್ಕರು. ಅವಳು ಹೋದ ಮೇಲೆ ಆ ಖೋಲಿಯಲ್ಲಿ ಮೊದಲ ಸಲ ನಗು ಕೇಳಿದ್ದು ಅಂದೇ. ನಿಧಾನವಾಗಿ ಅವರು ಹೊಳೆಯ ದಂಡೆಯಲ್ಲಿ ನಿಂತು ನನ್ನ ಮಾತಿಗೆ ಕಿವಿಗೊಡುವುದನ್ನು ಕಲಿತರು.

ಕೊನೆಯ ಪಂದ್ಯ ಮೈಸೂರಿನ ಒಂದು ತಂಡದ ಎದುರು. ಅರ್ಧ ದಾಟುವವರೆಗೆ ಸರಿಸಮವಾಗಿತ್ತು. ಇರ್ಫಾನ್, ಹೆಬ್ಬಳ್ಳಿಯವರು ಮತ್ತು ನಾನು ಮೇಲಿನ ದಾರಿಯಲ್ಲಿ ಅವರ ಕೊನೆಯ ಟವರ್ ಹತ್ತಿರ ಇದ್ದೆವು. ಕೆಳಗೆ ಕಿರಣ್ ಒಬ್ಬನೇ. ಎದುರಿನವರಲ್ಲಿ ಮೂವರು ಅವನತ್ತ ಇಳಿದದ್ದು ನಕ್ಷೆಯಲ್ಲಿ ಕಂಡಿತು. ಅದೇ ಕ್ಷಣ ಅವನ ದನಿ ಇಯರ್‌ಫೋನ್‌ನಲ್ಲಿ ಬಂತು.

“ವೈನೀ, ಲಗೂ ಬರ್ರಿ.”

ನನ್ನ ಬೆರಳು ತಾನಾಗಿಯೇ ಕೆಳಗಿನ ದಾರಿಗೆ ತಿರುಗಿತು. ಆ ಕರೆಗೆ ಹೋಗಿಬಿಡಬೇಕೆಂದು ನನಗೆ ಎಷ್ಟು ಅನಿಸಿತೆಂದು ಬರೆಯಲಾರೆ. ನಾನು ಹೋಗಿದ್ದರೆ ಮೇಲೆ ಅವರ ಟವರ್ ಉಳಿಯುತ್ತಿತ್ತು, ಕೆಳಗೆ ನನಗಾಗಿ ಕಾದು ನಿಂತ ಕಿರಣ್ ಹೇಗೂ ಉಳಿಯುತ್ತಿರಲಿಲ್ಲ.

“ಬರಾಂಗಿಲ್ಲ, ಕಿರಣ್” ಅಂದೆ. “ಯಾರೂ ಬರಾಂಗಿಲ್ಲ. ಹಿಂದ ಸರಿ.”

ಅವನು ಸರಿದ. ನಮ್ಮ ಟವರ್ ಬಿಟ್ಟುಕೊಟ್ಟು ಜೀವ ಉಳಿಸಿಕೊಂಡ. ಆ ಮೂವರು ಕೆಳಗೆ ಅವನನ್ನು ಅಟ್ಟುತ್ತಿದ್ದಾಗ ನಾವು ಮೇಲಿನಿಂದ ಅವರ ಬೇಸ್‌ಗೆ ನುಗ್ಗಿದೆವು. ಪಂದ್ಯ ನಮ್ಮದಾಯಿತು. ಕಾಕಾ ಗಿರ್ಮಿಟ್, ಚಹಾ ತರಿಸಿದರು. ಕಿರಣ್ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, “ಬಾಯಿ ತಪ್ಪಿ ಬಂತ್ರಿ ಅಣ್ಣಾರ” ಅಂದ. “ಇರ್ಲಿ, ಚಹಾ ಆರ್ತೈತಿ” ಅಂದೆ.

ತಂಡ ಉಳಿಯಿತು. ಖೋಲಿಯೂ ಉಳಿಯಿತು. ಆದರೆ ಆ ದಿನದ ನಂತರ ಆಟದ ನಡುವೆ ವೈನಿ ಎಂದು ಯಾರೂ ಕರೆಯಲಿಲ್ಲ. ಬಾಯಿ ತಪ್ಪಿಯೂ ಕರೆಯಲಿಲ್ಲ. ಈಗ ಅವರು ಅವಳ ಬಗ್ಗೆ ಮಾತಾಡುವಾಗ “ಬರ್ತಿದ್ರು” ಅನ್ನುತ್ತಾರೆ. ಅದು ನಾನೇ ಕಲಿಸಿದ್ದು.

ಇನ್ನೂ ಕೋಚ್ ಆಗಿಯೇ ಇದ್ದೇನೆ. ಫ್ಲೆಕ್ಸ್ ಕಲಿಯಲು ಬರುವವರು ಹೀರೊಗಳ ಸಂಖ್ಯೆ ಹೆಚ್ಚಿಸಿಕೊಳ್ಳುವುದೇ ಸುಧಾರಣೆ ಅಂದುಕೊಂಡಿರುತ್ತಾರೆ. ಎಲ್ಲಿಗೆ ಬೇಕಾದರೂ ಹೋಗಬಲ್ಲವರು ತಾವು ಎಲ್ಲಿ ಇರುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು, ಯಾರನ್ನೂ ಕಾಯುವಂತೆ ಮಾಡಬಾರದು. ಈ ಕೆಲಸ ನನಗೆ ಕಲಿಸಿದ ಪಾಠ ಅದು. ಅದಕ್ಕೆ ಉದಾಹರಣೆಯಾಗಿ ಆ ಕೊನೆಯ ಪಂದ್ಯದ ರೆಕಾರ್ಡಿಂಗ್ ತೋರಿಸುತ್ತೇನೆ. ಅವರಿಗೆ ಪೂರ್ತಿ ಹಾಕುತ್ತೇನೆ. ಒಬ್ಬನೇ ಇರುವಾಗ, ಕಿರಣ್ ಕರೆಯುವವರೆಗೆ ಕೇಳಿ, ನನ್ನ ಉತ್ತರ ಬರುವ ಮೊದಲೇ ನಿಲ್ಲಿಸುತ್ತೇನೆ.