ಕ್ವೇಸಾರ್ ಬೆಳಕಿಗೆ ಕೊಬ್ಬರಿ ರೇಟು

ಸ್ನೇಹಿತರೇ, ಇವತ್ತು ನಾನು ಕಾಫಿ ತರುವಷ್ಟರಲ್ಲಿ, ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ನಮ್ಮ ಚಿಕ್ಕಪ್ಪ ನನ್ನ ತಮ್ಮನ ಗ್ರಾಫಿನ ಮೇಲೆ ನೀಲಿ ಪೆನ್ನು ಆಡಿಸಿಬಿಟ್ಟಿದ್ದರು.

ತಮ್ಮ ಹಳೇಬೀಡಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ. ಹೋದ ತಿಂಗಳು ತೀರಿಕೊಂಡ. ಆ ಗ್ರಾಫು ಒಂದು ಕ್ವೇಸಾರಿನದು. ಕ್ವೇಸಾರ್ ಅಂದರೆ ದೈತ್ಯ ಕಪ್ಪು ಕುಳಿಯ ಸುತ್ತ ಹೊಳೆಯುವ ಬೆಳಕು ಎಂದು ಅವನೇ ನನಗೆ ಹೇಳಿಕೊಟ್ಟಿದ್ದ. ಆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಒಂದು ಉಬ್ಬು ಇರಬೇಕಾದ ಕಡೆ ಎರಡು ಕಾಣಿಸಿದ್ದವು. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ "ಎರಡು ಕಪ್ಪು ಕುಳಿಗಳಿರಬಹುದೇ?" ಎಂದು ಬರೆದಿದ್ದ. ಅವನ ಕೆಲಸ ಮುಂದುವರಿಸುತ್ತೇನೆಂದ ಬೇಲೂರಿನ ಗೆಳೆಯ ಮೇಷ್ಟ್ರಿಗೆ ಆ ಹಾಳೆಯನ್ನು ಇವತ್ತು ಕಳಿಸಬೇಕಿತ್ತು. ಚಿಕ್ಕಪ್ಪ ಎರಡನೇ ಉಬ್ಬನ್ನು ಚಪ್ಪಟೆ ಮಾಡಿದ್ದರು.

"ಏನು ಮಾಡಿದ್ರಿ ಚಿಕ್ಕಪ್ಪ?"

"ಕೊಬ್ಬರಿ ರೇಟು ಹಿಂಗೆ ಎರಡು ಸಲ ಏರಿಲ್ಲ ಕಣವ್ವ. ಪಾಪ, ತಪ್ಪು ಬರ್ಕೊಂಡವ್ನೆ. ಸರಿ ಮಾಡಿದೀನಿ."

"ಅದು ಕೊಬ್ಬರಿ ಅಲ್ಲ, ಆಕಾಶದ ಬೆಳಕು. ಆ ಉಬ್ಬಿಗೋಸ್ಕರವೇ ಅವನು ನಿದ್ದೆಗೆಟ್ಟಿದ್ದು."

"ಆಕಾಶದ್ದಾದ್ರೂ ಅಷ್ಟೇ. ಎಷ್ಟು ವರ್ಷದಿಂದ ಮಾರ್ಕೆಟ್ ನೋಡ್ತಾ ಇದೀನಿ ನಾನು" ಎಂದು ನೆಮ್ಮದಿಯಾಗಿ ಕಾಫಿ ಹೀರಿದರು.

ಸತ್ತವರು ಎದ್ದು ಬಂದು ಜಗಳ ಆಡುವುದಿಲ್ಲ. ಅದಕ್ಕೇ ಅವರು ಬರೆದಿಟ್ಟದ್ದನ್ನು ತಿದ್ದಲು ಎಲ್ಲರಿಗೂ ಧೈರ್ಯ ಬರುತ್ತದೆ. ಬದುಕಿದ್ದಾಗ ಅದೇನೆಂದು ತಿದ್ದುವವರಲ್ಲಿ ಒಬ್ಬರೂ ಕೇಳಿರಲಿಲ್ಲ.

ಹಾಳೆಯನ್ನು ಹಾಗೆಯೇ ಕಳಿಸಿದೆ. ನೀಲಿ ಗೆರೆಯ ಪಕ್ಕದಲ್ಲಿ ಮಾತ್ರ ನಾನೇ ಬರೆದಿದ್ದೆ: "ಮೇಷ್ಟ್ರೇ, ಈ ಗೆರೆ ಕ್ವೇಸಾರಿನದಲ್ಲ, ಅರಸೀಕೆರೆಯದು. ದಯವಿಟ್ಟು ಇದಕ್ಕೆ ಅರ್ಥ ಹುಡುಕಬೇಡಿ."